22 ಅಡಿ ಟ್ರೈಲರ್‌ಗೆ ಯಾವ ಜನರೇಟರ್? ಜನವರಿಯಲ್ಲಿ ಕ್ವಾರ್ಟ್ಸೈಟ್‌ಗೆ ಹೊರಟಿದ್ದೇವೆ

ಚಾಂಡ್ಲರ್ ಮೈಸೂರಿಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ. ಈ ವರ್ಷ ಒಂದು ಹಳೆಯ ಟ್ರಾವೆಲ್ ಟ್ರೈಲರ್ ಕೊಂಡೆವು. 22 ಅಡಿ ಉದ್ದ, 30 ಆಂಪ್ ಪ್ಲಗ್, ಮೇಲೆ 13,500 ಬಿಟಿಯು ಎಸಿ, ಮುಂದುಗಡೆ ಎರಡು ಗ್ರೂಪ್ 24 ಲೆಡ್ ಆಸಿಡ್ ಬ್ಯಾಟರಿ, ಒಳಗೆ 55 ಆಂಪ್ ಕನ್ವರ್ಟರ್ (ಬ್ಯಾಟರಿ ಚಾರ್ಜ್ ಮಾಡುವ ಡಬ್ಬಿ). ಫ್ರಿಜ್ ಪ್ರೊಪೇನ್‌ನಲ್ಲೂ ಓಡುತ್ತದೆ. ಇಲ್ಲಿಯವರೆಗೆ ಕರೆಂಟ್, ನೀರು ಎರಡೂ ಕೊಡುವ ಆರ್‌ವಿ ಪಾರ್ಕ್‌ಗಳಲ್ಲೇ ಉಳಿದಿದ್ದೇವೆ. ಜನವರಿಯಲ್ಲಿ ಇಲ್ಲಿನ ಮರುಭೂಮಿಯ ಊರು ಕ್ವಾರ್ಟ್ಸೈಟ್ ಹತ್ತಿರ ಬಿಎಲ್‌ಎಂ (ಸರ್ಕಾರಿ ಬಯಲು) ಜಾಗದಲ್ಲಿ ಒಂದು ವಾರ ಇರಬೇಕು ಅಂತ ಆಸೆ. ಅಲ್ಲಿ ಹುಕ್‌ಅಪ್ (ಕರೆಂಟ್, ನೀರಿನ ಸಂಪರ್ಕ) ಇಲ್ಲ, ಹಾಗಾಗಿ ಜನರೇಟರ್ ಬೇಕು.

ನಾನು, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಮೈಸೂರಿನಿಂದ ಬಂದಿರುವ ಅಪ್ಪ ಅಮ್ಮ. ಅಪ್ಪನಿಗೆ ರಾತ್ರಿ ಮಲಗುವಾಗ ಸಿಪ್ಯಾಪ್ (ಉಸಿರಾಟ ಸರಾಗವಾಗಿಡುವ) ಮೆಷಿನ್ ಬೇಕೇ ಬೇಕು. ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಅದೇ. ಅಮ್ಮನಿಗೆ ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಬೇಕು.

ಅಂಗಡಿಯಲ್ಲಿ ವಿಚಾರಿಸಿದೆ. ‘ನಿಮ್ಮದು 30 ಆಂಪ್ ಟ್ರೈಲರ್, ಅಂದರೆ 3,600 ವಾಟ್. 4,500 ವಾಟ್ ಮೆಷಿನ್‌ಗಿಂತ ಕಡಿಮೆ ತಗೋಬೇಡಿ’ ಅಂದರು. ಪಕ್ಕದ ಮನೆಯವರು 2,000 ವಾಟ್ ಧಾರಾಳ ಸಾಕು ಅಂತಾರೆ. ಇಬ್ಬರ ಮಾತಿಗೂ ಇಷ್ಟೊಂದು ಅಂತರ ಯಾಕೆ? ಬಜೆಟ್ 1,200 ಡಾಲರ್. ಬಳಸಿ ಗೊತ್ತಿರುವವರು ಹೇಳಿದರೆ ಉಪಕಾರ.

ಸ್ಯಾನ್ ಹೊಸೆ ದಾವಣಗೆರೆ:

ಡ್ಯುಯಲ್ ಫ್ಯೂಯೆಲ್ ನೋಡಿ. ಪೆಟ್ರೋಲ್‌ಗೂ ಓಡುತ್ತದೆ, ಪ್ರೊಪೇನ್‌ಗೂ ಓಡುತ್ತದೆ. ನಮ್ಮ ಹತ್ತಿರ ಇರುವುದು ಚಾಂಪಿಯನ್ 2500. ನಾವು ಪ್ರೊಪೇನ್‌ನಲ್ಲಿ ಮಾತ್ರ ಓಡಿಸುತ್ತೇವೆ. ಪೆಟ್ರೋಲ್ ಚೆಲ್ಲುವ ಗೋಳಿಲ್ಲ, ಕೈ ವಾಸನೆ ಬರುವುದಿಲ್ಲ, ಆರು ತಿಂಗಳು ಬಿಟ್ಟು ತೆಗೆದರೂ ಕಾರ್ಬ್ಯುರೇಟರ್ ಕಟ್ಟಿಕೊಂಡಿರುವುದಿಲ್ಲ. ಪ್ರೊಪೇನ್‌ನಲ್ಲಿ ಪವರ್ ಸುಮಾರು 10% ಕಡಿಮೆ, ಅಷ್ಟೆ. ಬೇರೆ ರಾಜ್ಯದವರು ಆನ್‌ಲೈನ್‌ನಲ್ಲಿ ನೋಡಿದ ಮಾಡೆಲ್ ಎಲ್ಲ ಕ್ಯಾಲಿಫೋರ್ನಿಯಾಕ್ಕೆ ಕಳಿಸುವುದಿಲ್ಲ, ಇಲ್ಲಿ ಕಾರ್ಬ್ (ರಾಜ್ಯದ ವಾಯುಮಾಲಿನ್ಯ ಮಂಡಳಿ) ನಿಯಮ ಬಿಗಿ. ನಿಮಗೆ ಅರಿಜೋನಾದಲ್ಲಿ ಆ ತೊಂದರೆ ಇಲ್ಲ.

ಟೂಸಾನ್ ಹಾಸನದವಳು:

ಅಪ್ಪ ಅಮ್ಮನಿಗೆ ಮರುಭೂಮಿ ತೋರಿಸಲು ಕರೆದುಕೊಂಡು ಹೋಗುತ್ತಿದ್ದೀರಿ, ಓದಿ ಖುಷಿಯಾಯಿತು. ಜನವರಿ ಅದಕ್ಕೆ ಸರಿಯಾದ ಕಾಲ. ನಮ್ಮಲ್ಲಿ ಟ್ರೈಲರ್ ಎಳೆಯುವುದು ಯಜಮಾನರ ಕೆಲಸ. ಬ್ಯಾಟರಿ, ಜನರೇಟರ್, ವೈರು ಎಲ್ಲ ನನ್ನದು. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ಅಂಗಡಿಯವರು ಹೇಳಿದ 3,600 ವಾಟ್ ನಿಮ್ಮ ಪ್ಲಗ್ ತಡೆದುಕೊಳ್ಳುವ ಮಿತಿ. 120 ವೋಲ್ಟ್, 30 ಆಂಪ್, ಗುಣಿಸಿದರೆ 3,600. ನೀವು ಎಷ್ಟು ಬಳಸುತ್ತೀರಿ ಅನ್ನುವುದು ಬೇರೆಯೇ ಲೆಕ್ಕ. ಆ ಟ್ರೈಲರ್‌ನಲ್ಲಿ ದೊಡ್ಡ ಮೆಷಿನ್ ಕೇಳುವುದು ಎಸಿ ಒಂದೇ. 13,500 ಬಿಟಿಯು ಎಸಿ ಓಡುವಾಗ 1,300ರಿಂದ 1,500 ವಾಟ್ ಎಳೆಯುತ್ತದೆ. ಆದರೆ ಕಂಪ್ರೆಸರ್ ಶುರುವಾಗುವ ಕ್ಷಣಕ್ಕೆ 3,000 ವಾಟ್ ಹತ್ತಿರ ಹೋಗುತ್ತದೆ. ಅಂಗಡಿಯವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಾರೆ. ಪಕ್ಕದ ಮನೆಯವರು ಎಸಿ ಬಿಟ್ಟು ಹೇಳಿದ್ದಾರೆ. ಅಂತರ ಬಂದದ್ದು ಅಲ್ಲಿಂದ.

ಈಗ ಕ್ವಾರ್ಟ್ಸೈಟ್‌ಗೆ ಬನ್ನಿ. ಜನವರಿಯಲ್ಲಿ ಹಗಲು 20 ಡಿಗ್ರಿ ಆಸುಪಾಸು, ರಾತ್ರಿ 5ರ ಹತ್ತಿರ. ಎಸಿ ಸ್ವಿಚ್ ಕಡೆ ಯಾರೂ ಕೈ ಹಾಕುವುದಿಲ್ಲ. ನಿಮಗೆ ಬೇಕಾಗುವುದು ರಾತ್ರಿ ಖಾಲಿಯಾದ ಬ್ಯಾಟರಿಯನ್ನು ಬೆಳಿಗ್ಗೆ ತುಂಬಿಸುವ ಒಂದು ಮೆಷಿನ್. ಅದನ್ನು ತಲೆಯಲ್ಲಿಟ್ಟುಕೊಂಡು ಆರಿಸಿ. ಎಸಿ ಓಡಿಸುವುದಕ್ಕೆ ಅಂತ ಹುಡುಕಲು ಹೊರಟರೆ ಎರಡು ಪಟ್ಟು ತೂಕ, ಎರಡು ಪಟ್ಟು ಪೆಟ್ರೋಲ್, ಜಾಸ್ತಿ ಸದ್ದು ಎಲ್ಲ ಮನೆಗೆ ಬರುತ್ತದೆ.

ರಾತ್ರಿಯ ಲೆಕ್ಕ ಮಾಡೋಣ. ನಿಮ್ಮ ಎರಡು ಗ್ರೂಪ್ 24 ಬ್ಯಾಟರಿ ಸೇರಿ ಸುಮಾರು 150 ಆಂಪ್ ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕಡಿಮೆಯಾಗುತ್ತದೆ. ಹಾಗಾಗಿ ಕೈಗೆ ಸಿಗುವುದು 75. ಚಳಿಗೆ ಫರ್ನೇಸ್ ಹಾಕುತ್ತೀರಿ. ಬೆಂಕಿ ಪ್ರೊಪೇನ್‌ದು, ಆದರೆ ಗಾಳಿ ಊದುವ ಬ್ಲೋಯರ್ ಬ್ಯಾಟರಿಯದು. ಅದು ಓಡುವಾಗ 8 ಆಂಪ್ ಹತ್ತಿರ. ಬಿಟ್ಟು ಬಿಟ್ಟು ಓಡಿದರೂ ರಾತ್ರಿಯೆಲ್ಲ ಸೇರಿ ನಾಲ್ಕು ಗಂಟೆ ಅಂತ ಇಟ್ಟುಕೊಳ್ಳಿ, 32 ಆಯಿತು. ಸಿಪ್ಯಾಪ್‌ನ ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್ ಆಫ್ ಮಾಡಿದರೆ ಮೆಷಿನ್ 40 ವಾಟ್ ಒಳಗೆ ಇರುತ್ತದೆ. ಎಂಟು ಗಂಟೆಗೆ 12 ವೋಲ್ಟ್ ಬ್ಯಾಟರಿಯಿಂದ 27 ಆಂಪ್ ಅವರ್. ಲೈಟು, ನೀರಿನ ಪಂಪು, ಫ್ರಿಜ್‌ನ ಸರ್ಕ್ಯೂಟ್, ಗ್ಯಾಸ್ ಡಿಟೆಕ್ಟರ್, ಮಕ್ಕಳ ಫೋನು ಎಲ್ಲ ಸೇರಿ 12ರಿಂದ 15. ಕೂಡಿಸಿ ನೋಡಿ. ಬೆಳಿಗ್ಗೆ ಏಳುವ ಹೊತ್ತಿಗೆ ನಿಮ್ಮ 75 ಮುಗಿದಿರುತ್ತದೆ. ಸಿಪ್ಯಾಪ್‌ನ ಹ್ಯುಮಿಡಿಫೈಯರ್ ಆನ್ ಇಟ್ಟರೆ ಅದಕ್ಕೂ ಮೊದಲೇ ಮುಗಿಯುತ್ತದೆ.

ಇನ್ನು ತುಂಬಿಸುವುದು. 55 ಆಂಪ್ ಕನ್ವರ್ಟರ್ ಪೂರ್ತಿ ದುಡಿಯುವಾಗ ಜನರೇಟರ್‌ನಿಂದ 900 ವಾಟ್ ಹತ್ತಿರ ಕೇಳುತ್ತದೆ. ಅಷ್ಟೆ ನೋಡಿ! 1,800 ವಾಟ್ ನಿರಂತರ ಕೊಡುವ ಮೆಷಿನ್‌ಗೆ ಅದು ಅರ್ಧ ಕೆಲಸ. ದೊಡ್ಡ ಮೆಷಿನ್ ತಂದರೂ ಬ್ಯಾಟರಿ ಬೇಗ ತುಂಬುವುದಿಲ್ಲ, ಯಾಕೆಂದರೆ ತಡ ಮಾಡುವುದು ಕನ್ವರ್ಟರ್ ಮತ್ತು ಬ್ಯಾಟರಿ. ಲೆಡ್ ಆಸಿಡ್ ಮೊದಲು ಗಬಗಬ ಕುಡಿಯುತ್ತದೆ, 80% ದಾಟಿದ ಮೇಲೆ ಹನಿ ಹನಿ. ಆ ಕೊನೆಯ 20ಕ್ಕಾಗಿ ಜನರೇಟರ್ ಓಡಿಸಬೇಡಿ. ಬೆಳಿಗ್ಗೆ ಎರಡೂವರೆ, ಮೂರು ಗಂಟೆ ಓಡಿಸಿ ನಿಲ್ಲಿಸಿ. ಉಳಿದದ್ದನ್ನು 200 ವಾಟ್‌ನ ಸೋಲಾರ್ ಪ್ಯಾನೆಲ್ ಮಧ್ಯಾಹ್ನದ ಬಿಸಿಲಲ್ಲಿ ನಿಧಾನಕ್ಕೆ ತುಂಬಿಸುತ್ತದೆ. ಅರಿಜೋನಾದ ಆಕಾಶ ಚಳಿಗಾಲದಲ್ಲೂ ಅಷ್ಟು ಉದಾರ. ಬಜೆಟ್ ಉಳಿದರೆ ಅದನ್ನೇ ಮೊದಲು ಕೊಳ್ಳಿ.

ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದ ನಂಬರ್ ನಂಬಬೇಡಿ. ಅದು ಕ್ಷಣದ ಮಟ್ಟಿಗಿನ ಶಕ್ತಿ. ಸಣ್ಣ ಅಕ್ಷರದಲ್ಲಿ ‘ರನ್ನಿಂಗ್ ವಾಟ್ಸ್’ ಅಂತ ಇರುತ್ತದೆ, ಅದನ್ನು ನೋಡಿ. ಹೋಂಡಾ ಇಯು2200ಐ ಅಂದರೆ 2,200 ಕ್ಷಣಕ್ಕೆ, 1,800 ನಿರಂತರ. ಯಮಹಾ ಇಎಫ್2200ಐಎಸ್ ಕೂಡ ಹಾಗೇ. ಯಮಹಾದಲ್ಲಿ ಆರ್‌ವಿಯ 30 ಆಂಪ್ ಸಾಕೆಟ್ ಮೆಷಿನ್ ಮೇಲೇ ಇದೆ, ನಿಮ್ಮ ಕೇಬಲ್ ನೇರ ಹೋಗುತ್ತದೆ. ಬೇರೆ ಮೆಷಿನ್‌ಗಳಲ್ಲಿ ಸಾಮಾನ್ಯ ಸಾಕೆಟ್ ಮಾತ್ರ ಇದ್ದರೆ ‘ಡಾಗ್‌ಬೋನ್’ ಅಂತ ಒಂದು ಅಡಾಪ್ಟರ್ ಬೇಕು. ಅದೇನು ದೊಡ್ಡ ಖರ್ಚಲ್ಲ. ಹೋಂಡಾ ನಿಮ್ಮ ಬಜೆಟ್‌ ಪೂರ್ತಿ ತಿನ್ನುತ್ತದೆ. ಚಾಂಪಿಯನ್ ಅದರ ಅರ್ಧದ ಆಸುಪಾಸಿಗೆ ಸಿಗುತ್ತದೆ. ನನ್ನ ಹತ್ತಿರ ಇರುವುದು ಹೋಂಡಾ, ಪೆಟ್ರೋಲ್‌ದು. ಅದರ ಮೇಲೆ ನನಗೆ ಪ್ರೀತಿ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಯಾವುದನ್ನೇ ಕೊಂಡರೂ ಇನ್ವರ್ಟರ್ ಜನರೇಟರ್ ಆಗಿರಲಿ. ಕಟ್ಟಡ ಕಟ್ಟುವ ಕಡೆ ಇಡುವ, ಸುತ್ತ ಪೈಪಿನ ಚೌಕಟ್ಟು ಇರುವ ಮೆಷಿನ್‌ ಬೇಡವೇ ಬೇಡ. ಅದು ನಿಮಿಷಕ್ಕೆ 3,600 ಸುತ್ತು ಸುತ್ತುತ್ತಲೇ ಇರಬೇಕು, ಒಂದು ಬಲ್ಬ್ ಹಾಕಿದರೂ ಅಷ್ಟೇ, ಎಸಿ ಹಾಕಿದರೂ ಅಷ್ಟೇ. ಇನ್ವರ್ಟರ್ ಮೆಷಿನ್ ಲೋಡ್ ಕಡಿಮೆಯಾದಾಗ ತಾನೂ ವೇಗ ಇಳಿಸುತ್ತದೆ. ಪೆಟ್ರೋಲ್ ಉಳಿಯುತ್ತದೆ, ಸದ್ದು ಇಳಿಯುತ್ತದೆ, ಬರುವ ಕರೆಂಟ್ ನಯವಾಗಿರುತ್ತದೆ. ಸಿಪ್ಯಾಪ್, ಲ್ಯಾಪ್‌ಟಾಪ್ ತರದವಕ್ಕೆ ನಯವಾದ ಕರೆಂಟ್ ಮುಖ್ಯ.

ಸದ್ದಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ನಾವು ಅಷ್ಟು ದೂರ ಹೋಗುವುದೇ ಆ ನಿಶ್ಶಬ್ದಕ್ಕೆ. ಪಕ್ಕದಲ್ಲಿ ಬಿಡಾರ ಹೂಡಿದವರೂ ಅದಕ್ಕೇ ಬಂದಿರುತ್ತಾರೆ. ನ್ಯಾಷನಲ್ ಪಾರ್ಕ್‌ಗಳಲ್ಲಿ ನಿಯಮವೇ ಇದೆ, 50 ಅಡಿ ದೂರದಲ್ಲಿ ಅಳೆದರೆ 60 ಡೆಸಿಬೆಲ್ ದಾಟಬಾರದು. ಯೊಸೆಮಿಟಿ, ಜೋಶುವಾ ಟ್ರೀ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7, ಇಷ್ಟು ಹೊತ್ತು ಮಾತ್ರ ಜನರೇಟರ್. ಕ್ವಾರ್ಟ್ಸೈಟ್‌ನ ಲಾ ಪೋಸಾ ಅನ್ನುವ ಬಿಎಲ್‌ಎಂ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಕಂಪನಿಯವರು ಕೊಡುವ 48 ಡೆಸಿಬೆಲ್ ಅನ್ನುವ ಅಂಕಿ ಕಾಲು ಲೋಡಿನದು. ಇದೇ ಹೋಂಡಾ ಪೂರ್ತಿ ಲೋಡಿಗೆ 57 ಆಗುತ್ತದೆ. ಬೇರೆ ಬೇರೆ ಮೆಷಿನ್ ಹೋಲಿಸುವಾಗ ಯಾವ ಲೋಡು, ಎಷ್ಟು ದೂರ ಅಂತ ನೋಡದೆ ನಂಬರ್ ಮಾತ್ರ ನೋಡಿದರೆ ಉಪಯೋಗವಿಲ್ಲ.

ತೂಕವೂ ನೋಡಿ. ಹೋಂಡಾ ಸುಮಾರು 21 ಕಿಲೋ. ನಾನು ಒಬ್ಬಳೇ ಎತ್ತಿ ಇಳಿಸುತ್ತೇನೆ. 4,500 ವಾಟ್‌ನವು 45 ಕಿಲೋ ಹತ್ತಿರ ಬರುತ್ತವೆ, ಚಕ್ರ ಇರುತ್ತದೆ ನಿಜ, ಆದರೆ ಮರಳಿನಲ್ಲಿ ಚಕ್ರ ಉರುಳುವುದಿಲ್ಲ.

ಅಡಿಗೆ ವಿಷಯ. 1,800 ವಾಟ್‌ನಲ್ಲಿ ಬ್ಯಾಟರಿ ಚಾರ್ಜ್ ಆಗುತ್ತಿರುವಾಗಲೇ 550 ಅಥವಾ 750 ವಾಟ್ ಮಿಕ್ಸಿ ಧಾರಾಳವಾಗಿ ಓಡುತ್ತದೆ. ಮೈಕ್ರೋವೇವ್ 1,500 ವಾಟ್ ಎಳೆಯುತ್ತದೆ, ಕೆಟಲ್ ಕೂಡ ಅಷ್ಟೇ. ಅವುಗಳ ಸರದಿ ಬಂದಾಗ ಕನ್ವರ್ಟರ್‌ನ ಬ್ರೇಕರ್ ಆಫ್ ಮಾಡಿ. ಇಂಡಕ್ಷನ್ ಒಲೆ ಮನೆಯಲ್ಲೇ ಬಿಟ್ಟುಬನ್ನಿ, ಟ್ರೈಲರ್‌ನಲ್ಲಿ ಪ್ರೊಪೇನ್ ಒಲೆ ಇದೆಯಲ್ಲ. ಮುಖ್ಯವಾಗಿ ಅಮ್ಮನ ಮಿಕ್ಸಿ ಊರಿಂದ ತಂದದ್ದಾ, ಇಲ್ಲಿ ಕೊಂಡದ್ದಾ ನೋಡಿ. ಊರಿನದು 230 ವೋಲ್ಟ್, 50 ಹರ್ಟ್ಸ್. ಇಲ್ಲಿನ ಜನರೇಟರ್ ಕೊಡುವುದು 120 ವೋಲ್ಟ್, 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿ ಹೊಂದಿಸಲು ಹೋಗಬೇಡಿ, ಮಿಕ್ಸಿ ಶುರುವಾಗುವ ಹೊಡೆತಕ್ಕೆ ಸಣ್ಣ ಜನರೇಟರ್ ಟ್ರಿಪ್ ಆಗುತ್ತದೆ. ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ 110 ವೋಲ್ಟ್‌ ಮಿಕ್ಸಿ ಸಿಗುತ್ತದೆ.

ಕೊನೆಗೆ ಬರೆಯುತ್ತಿದ್ದೇನೆ ಅಂತ ಇದನ್ನು ಹಗುರವಾಗಿ ತಗೋಬೇಡಿ. ಕಾರ್ಬನ್ ಮೊನಾಕ್ಸೈಡ್ (ಸಿಓ), ಜನರೇಟರ್ ಹೊಗೆಯಲ್ಲಿರುವ ವಿಷಾನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬಂದಾಗ ಜನ ಜ್ವರ ಬರುತ್ತಿದೆ ಅಂದುಕೊಂಡು ಮಲಗಿಬಿಡುತ್ತಾರೆ, ಮತ್ತೆ ಏಳುವುದಿಲ್ಲ. ಜನರೇಟರ್ ಟ್ರೈಲರ್‌ನಿಂದ ಕನಿಷ್ಠ 20 ಅಡಿ ದೂರ ಇರಲಿ. ಹೊಗೆ ಬರುವ ಬಾಯಿ ನಿಮ್ಮ ಕಡೆಗೂ ಬೇಡ, ಪಕ್ಕದವರ ಕಡೆಗೂ ಬೇಡ. ಆನಿಂಗ್ (ಟ್ರೈಲರ್ ಪಕ್ಕದ ಬಟ್ಟೆ ಚಪ್ಪರ) ಕೆಳಗೆ, ಟ್ರೈಲರ್ ಅಡಿಯಲ್ಲಿ, ಮಳೆ ಬಂತು ಅಂತ ಶೆಡ್ಡಿನೊಳಗೆ, ಎಲ್ಲೂ ಇಡಬೇಡಿ. ಗಾಳಿ ದಿಕ್ಕು ಬದಲಾದರೆ ಎದ್ದು ಹೋಗಿ ಸ್ಥಳ ಬದಲಾಯಿಸಿ. ಹೊಸ ಮೆಷಿನ್‌ಗಳಲ್ಲಿ ಸಿಓ ಸೆನ್ಸರ್ ಇದ್ದು ತಾನೇ ನಿಲ್ಲುತ್ತದೆ, ಅಂಥದ್ದನ್ನೇ ಕೊಳ್ಳಿ. ಆದರೆ ಅದು ಮೆಷಿನ್ ಹತ್ತಿರದ ಗಾಳಿಯನ್ನು ಮಾತ್ರ ನೋಡುತ್ತದೆ. ಟ್ರೈಲರ್ ಒಳಗಿನ ಡಿಟೆಕ್ಟರ್ ಬೇರೆಯಾಗಿ ಕೆಲಸ ಮಾಡಬೇಕು. ನಿಮ್ಮದು ಹಳೆಯ ಟ್ರೈಲರ್ ಅಂದಿರಿ. ಡಿಟೆಕ್ಟರ್ ತೆಗೆದು ಹಿಂದೆ ಬರೆದಿರುವ ತಾರೀಕು ಇವತ್ತೇ ನೋಡಿ. ಅವುಗಳ ಆಯಸ್ಸು ಸಾಮಾನ್ಯವಾಗಿ 5ರಿಂದ 7 ವರ್ಷ. ಮೀರಿದ್ದರೆ ಜನರೇಟರ್ ಕೊಳ್ಳುವ ಮೊದಲು ಅದನ್ನು ಬದಲಾಯಿಸಿ. ಎಲ್ಲರೂ ಮಲಗಿದ ಮೇಲೆ ಜನರೇಟರ್ ಓಡಲೇಬಾರದು, ಯಾವ ಕಾರಣಕ್ಕೂ.

ಡೆನ್ವರ್ ಧಾರವಾಡ:

ಟೂಸಾನ್ ಮೇಡಂ ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಕ್ವಾರ್ಟ್ಸೈಟ್ ಸಾವಿರ ಅಡಿಗೂ ಕೆಳಗೆ ಇರುವ ಊರು, ಅಲ್ಲಿ ತೊಂದರೆ ಇಲ್ಲ. ಆದರೆ ಬೇಸಿಗೆಯಲ್ಲಿ ನೀವು ಹೇಗೂ ಫ್ಲಾಗ್‌ಸ್ಟಾಫ್ ಕಡೆ ಹೋಗುತ್ತೀರಿ, ಅಲ್ವಾ? ಅದು 7,000 ಅಡಿ ಹತ್ತಿರ. ಎತ್ತರಕ್ಕೆ ಹೋದಂತೆ ಗಾಳಿ ತೆಳು, ಎಂಜಿನ್ ಶಕ್ತಿ ಪ್ರತಿ 1,000 ಅಡಿಗೆ ಸುಮಾರು 3.5% ಇಳಿಯುತ್ತದೆ. ಅಂದರೆ 1,800 ವಾಟ್ ಮೆಷಿನ್ ಫ್ಲಾಗ್‌ಸ್ಟಾಫ್‌ನಲ್ಲಿ 1,400ರ ಒಳಗೆ ಬರುತ್ತದೆ. ಬ್ಯಾಟರಿ ಚಾರ್ಜ್‌ಗೆ ಆಗಲೂ ಸಾಕು. ಮೈಕ್ರೋವೇವ್ ಕಷ್ಟ. ಎತ್ತರದಲ್ಲಿ ಬಹಳ ದಿನ ಇರುವುದಾದರೆ ಕಾರ್ಬ್ಯುರೇಟರ್‌ಗೆ ಹೈ ಆಲ್ಟಿಟ್ಯೂಡ್ ಜೆಟ್ (ತೆಳು ಗಾಳಿಗೆ ತಕ್ಕಂತೆ ಪೆಟ್ರೋಲ್ ಬಿಡುವ ಬಿಡಿಭಾಗ) ಹಾಕಿಸಬೇಕು. ಕಾಡಿನಲ್ಲಿ ಸ್ಪಾರ್ಕ್ ಅರೆಸ್ಟರ್ (ಕಿಡಿ ತಡೆಯುವ ಜಾಲರಿ) ಇರುವ ಮೆಷಿನ್ ಬೇಕು, ಒಣ ಹುಲ್ಲಿನ ಮೇಲೆ ಇಡಬಾರದು. ಹೋಗುವ ಮೊದಲು ಆ ಫಾರೆಸ್ಟ್‌ನವರ ಬೆಂಕಿ ನಿರ್ಬಂಧ ಏನಿದೆ ನೋಡಿಕೊಳ್ಳಿ.

ಎಸಿ ಮೇಲೆ ಆಸೆ ಇನ್ನೂ ಇದ್ದರೆ ‘ಸಾಫ್ಟ್ ಸ್ಟಾರ್ಟ್’ ಅನ್ನುವ ಸಣ್ಣ ಡಬ್ಬಿ ಸಿಗುತ್ತದೆ. ಎಸಿಯೊಳಗೆ ಕೂರಿಸಿದರೆ ಕಂಪ್ರೆಸರ್‌ನ ಮೊದಲ ಹೊಡೆತವನ್ನು ಅರ್ಧಕ್ಕೂ ಕೆಳಗೆ ಇಳಿಸುತ್ತದೆ. ಕೆಳಮಟ್ಟದ ಊರಲ್ಲಿ, ಉಳಿದೆಲ್ಲ ಆಫ್ ಮಾಡಿ, 2,200ರ ಮೆಷಿನ್‌ನಲ್ಲಿ 13,500 ಎಸಿ ಓಡಿಸುವವರಿದ್ದಾರೆ. ಆದರೆ ಸೆಖೆ ಇರುವ ಕಡೆ ಇಡೀ ದಿನ ಹಾಗೆ ಓಡಿಸುವುದು ಮೆಷಿನ್‌ಗೂ ಕಷ್ಟ, ಕಿವಿಗೂ ಕಷ್ಟ. ಹುಕ್‌ಅಪ್ ಇರುವ ಕಡೆ ಹೋಗುವುದೇ ಸರಿ.

ಮುಂದೆ ಯಾವಾಗಲಾದರೂ ಬ್ಯಾಟರಿ ಬದಲಾಯಿಸುವಾಗ ಲಿಥಿಯಂ ಹಾಕಿ. 100 ಆಂಪ್ ಅವರ್ ಅಂದರೆ ಹೆಚ್ಚುಕಮ್ಮಿ ಅಷ್ಟನ್ನೂ ಬಳಸಬಹುದು. ಕೊನೆಯವರೆಗೂ ಒಂದೇ ವೇಗದಲ್ಲಿ ತುಂಬುತ್ತದೆ, ಹಾಗಾಗಿ ಜನರೇಟರ್ ಓಡುವ ಹೊತ್ತು ಕಡಿಮೆ. ಹಳೆಯ ಕನ್ವರ್ಟರ್ ಅದಕ್ಕೆ ಹೊಂದುತ್ತದಾ ನೋಡಬೇಕು. ನಮ್ಮ ಚಳಿಯಲ್ಲಿ ಇನ್ನೊಂದು ಎಚ್ಚರಿಕೆ, ಬ್ಯಾಟರಿ ಸೊನ್ನೆ ಡಿಗ್ರಿಗಿಂತ ಕೆಳಗಿದ್ದಾಗ ಲಿಥಿಯಂ ಚಾರ್ಜ್ ಮಾಡಬಾರದು.

ಚಾಂಡ್ಲರ್ ಮೈಸೂರಿಗ:

ಎಲ್ಲರಿಗೂ ತುಂಬಾ ಧನ್ಯವಾದ. ಡಿಟೆಕ್ಟರ್ ಬಿಚ್ಚಿ ನೋಡಿದೆ ಮೇಡಂ, ತಾರೀಕು ಮೀರಿದೆ. ಹೊಸದಕ್ಕೆ ಆರ್ಡರ್ ಹಾಕಿದ್ದೇನೆ. ಮಿಕ್ಸಿ ಇಲ್ಲಿಯದೇ.

ಇನ್ನೂ ಮೂರು ಅನುಮಾನ. ಒಂದು, ನಮ್ಮದು ಪಿಕಪ್ ಟ್ರಕ್ ಅಲ್ಲ, ಎಸ್‌ಯುವಿ. ಪೆಟ್ರೋಲ್ ಕ್ಯಾನ್, ಜನರೇಟರ್ ಎಲ್ಲಿಡುವುದು? ಟ್ರೈಲರ್‌ನ ಮುಂಭಾಗದ ಸ್ಟೋರೇಜ್‌ನಲ್ಲಿ ಇಡಬಹುದಾ? ಎರಡು, ಜನರೇಟರ್ ಬದಲು ಪವರ್ ಸ್ಟೇಷನ್ (ಸಾಕೆಟ್ ಇರುವ ದೊಡ್ಡ ಬ್ಯಾಟರಿ ಪೆಟ್ಟಿಗೆ) ತಗೊಂಡರೆ ಆಗುವುದಿಲ್ವಾ ಅಂತ ಹೆಂಡತಿ ಕೇಳುತ್ತಿದ್ದಾಳೆ. ಮೂರು, ನಮ್ಮ ಹತ್ತಿರ ಪ್ಲಗ್ಗಿಗೆ ಹಾಕುವ ಇಎಂಎಸ್ ಸರ್ಜ್ ಪ್ರೊಟೆಕ್ಟರ್ (ಕರೆಂಟ್ ಸರಿಯಿಲ್ಲದಿದ್ದರೆ ತಡೆಯುವ ಸಾಧನ) ಇದೆ. ಗೆಳೆಯರೊಬ್ಬರ ಜನರೇಟರ್‌ಗೆ ಹಾಕಿ ನೋಡಿದಾಗ ‘ಇ2’ ಅಂತ ತೋರಿಸಿ ಕರೆಂಟ್ ಬಿಡಲೇ ಇಲ್ಲ. ಜನರೇಟರ್ ಕೆಟ್ಟಿದೆಯಾ?

ಟೂಸಾನ್ ಹಾಸನದವಳು:

ಎಸ್‌ಯುವಿ ಅನ್ನುವ ವಿಷಯ ಗೊತ್ತಾದ ಮೇಲೆ ನನ್ನ ಸಲಹೆ ಬದಲಾಗುತ್ತದೆ. ನಿಮಗೆ ಸ್ಯಾನ್ ಹೊಸೆಯವರು ಹೇಳಿದ್ದೇ ಸರಿ. ನಾವು ಪೆಟ್ರೋಲ್ ಮೆಷಿನ್ ಇಟ್ಟುಕೊಂಡಿರುವುದು ಹಿಂದೆ ತೆರೆದ ಟ್ರಕ್ ಬೆಡ್ ಇರುವುದರಿಂದ. ಮಕ್ಕಳು, ವಯಸ್ಸಾದವರು ಕೂತಿರುವ ಕಾರಿನೊಳಗೆ ಪೆಟ್ರೋಲ್ ಕ್ಯಾನ್ ಬೇಡ. ಟ್ರೈಲರ್‌ನ ಸ್ಟೋರೇಜ್ ಕೂಡ ಬೇಡ. ಹೊರಗಿನಿಂದ ಬಾಗಿಲಿದ್ದರೂ ಪೆಟ್ರೋಲ್ ಆವಿ ಹಾಸಿಗೆ ಕೆಳಗಿನಿಂದ ಒಳಗೆ ಬರುತ್ತದೆ, ಫ್ರಿಜ್ ಪ್ರೊಪೇನ್ ಜ್ವಾಲೆಯಲ್ಲಿ ಓಡುತ್ತಿರುತ್ತದೆ. ಒಂದು ಹನಿ ಪೆಟ್ರೋಲ್ ಕೂಡ ಕಾಣದ, ಪ್ರೊಪೇನ್‌ನಲ್ಲಿ ಮಾತ್ರ ಓಡಿದ ಜನರೇಟರ್ ಆದರೆ ತಣ್ಣಗಾದ ಮೇಲೆ ಆ ಸ್ಟೋರೇಜ್‌ನಲ್ಲಿ ನಿಶ್ಚಿಂತೆಯಿಂದ ಇಡಬಹುದು. ಡ್ಯುಯಲ್ ಫ್ಯೂಯೆಲ್ ಕೊಳ್ಳಿ, ಪೆಟ್ರೋಲ್ ಟ್ಯಾಂಕ್ ಮುಚ್ಚಳ ತೆಗೆಯಲೇಬೇಡಿ. 10% ಕಡಿಮೆಯಾದರೂ ನಿಮ್ಮ 900 ವಾಟ್ ಕನ್ವರ್ಟರ್, ಮಿಕ್ಸಿ ಎರಡಕ್ಕೂ ಜಾಗ ಉಳಿಯುತ್ತದೆ. ದುಡ್ಡೂ ಉಳಿಯುತ್ತದೆ, ಅದರಲ್ಲಿ ಸೋಲಾರ್ ಪ್ಯಾನೆಲ್ ಬಂತು.

ಪ್ರೊಪೇನ್ ಲೆಕ್ಕ ಹೀಗೆ. ಟ್ರೈಲರ್ ಮುಂದೆ 20 ಪೌಂಡಿನ ಎರಡು ಸಿಲಿಂಡರ್ ಇರಬೇಕಲ್ಲ. ಜನರೇಟರ್ ಓಡಿಸುವಾಗ ಒಂದನ್ನು ಬಿಚ್ಚಿ 20 ಅಡಿ ಆಚೆ ಜನರೇಟರ್ ಹತ್ತಿರ ಇಡಿ, ನೆಟ್ಟಗೆ ನಿಲ್ಲಿಸಿ. ಮೆಷಿನ್ ಜೊತೆ ಬರುವ ಹೋಸ್, ರೆಗ್ಯುಲೇಟರ್ ನೇರ ಸಿಲಿಂಡರ್ ಬಾಯಿಗೆ ಹಾಕುವಂಥದ್ದು. ಟ್ರೈಲರ್ ಪಕ್ಕದಲ್ಲಿ ಗ್ರಿಲ್‌ಗೆ ಅಂತ ಕೊಟ್ಟಿರುವ ಗ್ಯಾಸ್ ತುದಿಗೆ ಅದನ್ನು ಸಿಕ್ಕಿಸಬೇಡಿ. ಅಲ್ಲಿ ಬರುವುದು ಆಗಲೇ ಒತ್ತಡ ಇಳಿಸಿದ ಗ್ಯಾಸ್, ಮೆಷಿನ್ ಸರಿಯಾಗಿ ಓಡುವುದಿಲ್ಲ. ಕಡಿಮೆ ಲೋಡಿನಲ್ಲಿ ತುಂಬಿದ ಒಂದು ಸಿಲಿಂಡರ್ ಒಟ್ಟು ಒಂದು ದಿನದಷ್ಟು ಹೊತ್ತು ಓಡಿಸುತ್ತದೆ. ದಿನಕ್ಕೆ ಮೂರು ಗಂಟೆ ಅಂದರೆ ನಿಮ್ಮ ವಾರ ಅದರಲ್ಲೇ ಹೋಗುತ್ತದೆ. ಇನ್ನೊಂದು ಸಿಲಿಂಡರ್ ಫರ್ನೇಸ್, ಒಲೆ, ಫ್ರಿಜ್‌ಗೆ. ಚಳಿ ಜಾಸ್ತಿ ಇದ್ದರೆ ಅದು ವಾರಕ್ಕೆ ಸಾಲುವುದಿಲ್ಲ. ನಾಲ್ಕನೇ ದಿನಕ್ಕೆ ಒಂದು ಸಲ ನೋಡಿಕೊಳ್ಳಿ. ಕ್ವಾರ್ಟ್ಸೈಟ್ ಊರೊಳಗೆ ತುಂಬಿಸಿಕೊಡುವವರಿದ್ದಾರೆ.

ಪವರ್ ಸ್ಟೇಷನ್ ವಿಷಯದಲ್ಲಿ ನಿಮ್ಮ ಹೆಂಡತಿ ಕೇಳಿದ್ದು ಒಳ್ಳೆಯ ಪ್ರಶ್ನೆ. ಇಕೋಫ್ಲೋ ಡೆಲ್ಟಾ 2 ತರದ್ದು ಸುಮಾರು 1,000 ವಾಟ್ ಅವರ್ ಹಿಡಿದಿಡುತ್ತದೆ. ಸದ್ದಿಲ್ಲ, ಹೊಗೆಯಿಲ್ಲ. ಆದರೆ ಅದು ಹುಟ್ಟಿಸುವುದಿಲ್ಲ, ಇಟ್ಟುಕೊಳ್ಳುತ್ತದೆ ಅಷ್ಟೆ. ಫರ್ನೇಸ್, ಸಿಪ್ಯಾಪ್, ಆರು ಜನ, ಒಂದು ವಾರ ಅಂದಾಗ ಅದನ್ನು ತುಂಬಿಸಲು ಮತ್ತೆ ಜನರೇಟರ್ ಅಥವಾ ಬಹಳಷ್ಟು ಸೋಲಾರ್ ಬೇಕು. ಆದರೂ ಒಂದು ಕೆಲಸಕ್ಕೆ ನಾನು ಖಂಡಿತ ಹೇಳುತ್ತೇನೆ. ನಿಮ್ಮ ತಂದೆಯವರ ಸಿಪ್ಯಾಪ್‌ಗೆ ಅಂತಲೇ 500 ವಾಟ್ ಅವರ್‌ನ ಚಿಕ್ಕದೊಂದು ಪ್ರತ್ಯೇಕವಾಗಿ ಇಡಿ. ಬೆಳಿಗ್ಗೆ ಜನರೇಟರ್ ಓಡುವಾಗ ಅದೂ ತುಂಬಲಿ. ರಾತ್ರಿ ಫರ್ನೇಸ್ ಟ್ರೈಲರ್ ಬ್ಯಾಟರಿಯನ್ನು ಎಷ್ಟೇ ಖಾಲಿ ಮಾಡಿದರೂ ಅವರ ಉಸಿರಿಗೆ ಅಡ್ಡಿಯಾಗಬಾರದು. ಟ್ರೈಲರ್ ಬ್ಯಾಟರಿಯಲ್ಲೂ ಆ 27 ಆಂಪ್ ಅವರ್ ಉಳಿಯುತ್ತದೆ, ಫರ್ನೇಸ್‌ಗೆ ಆಯಿತು. ಗೋಡೆಗೆ ಹಾಕುವ ಅಡಾಪ್ಟರ್ ಬದಲು ಡಿಸಿ ಕೇಬಲ್‌ನಲ್ಲಿ ಓಡಿಸಿದರೆ ಇನ್ನೂ ಹೆಚ್ಚು ಹೊತ್ತು ಬರುತ್ತದೆ. ಕೆಲವು ಸಿಪ್ಯಾಪ್ 24 ವೋಲ್ಟ್‌ನವು, ಹಾಗಾಗಿ ಅದೇ ಮಾಡೆಲ್‌ಗೆ ಮಾಡಿದ ಕನ್ವರ್ಟರ್ ಕೇಬಲ್ ಕೊಳ್ಳಿ. ಹ್ಯುಮಿಡಿಫೈಯರ್ ಇಲ್ಲದೆ ಮಲಗಲು ಅವರಿಗೆ ಆಗುತ್ತದಾ, ಮನೆಯಲ್ಲೇ ಎರಡು ರಾತ್ರಿ ನೋಡಲಿ. ಮರುಭೂಮಿಯ ಗಾಳಿ ತುಂಬಾ ಒಣ. ಗಂಟಲು ಒಣಗುತ್ತದೆ ಅಂದರೆ ದೊಡ್ಡ ಸೈಜಿನ ಪವರ್ ಸ್ಟೇಷನ್ ತಗೊಳ್ಳಿ.

‘ಇ2’ ಅಂದರೆ ಅರ್ತ್ ಸಿಗುತ್ತಿಲ್ಲ ಅಂತ. ಗೆಳೆಯರ ಜನರೇಟರ್ ಕೆಟ್ಟಿಲ್ಲ. ಈ ಸೈಜಿನ ಇನ್ವರ್ಟರ್ ಜನರೇಟರ್‌ಗಳಲ್ಲಿ ನ್ಯೂಟ್ರಲ್ ಮತ್ತು ಅರ್ತ್ ಒಂದಕ್ಕೊಂದು ಸೇರಿರುವುದಿಲ್ಲ. ಮನೆಯಲ್ಲಿ, ಪಾರ್ಕಿನಲ್ಲಿ ಮೇನ್ ಪ್ಯಾನೆಲ್ ಹತ್ತಿರ ಅವು ಸೇರಿರುತ್ತವೆ. ನಿಮ್ಮ ಇಎಂಎಸ್ ಅದನ್ನೇ ಹುಡುಕುತ್ತದೆ, ಸಿಗದಿದ್ದರೆ ಬಾಗಿಲು ಹಾಕುತ್ತದೆ. ಅದಕ್ಕೆ ‘ನ್ಯೂಟ್ರಲ್ ಗ್ರೌಂಡ್ ಬಾಂಡಿಂಗ್ ಪ್ಲಗ್’ ಅಂತ ರೆಡಿಮೇಡ್ ಸಿಗುತ್ತದೆ. ಜನರೇಟರ್‌ನ ಇನ್ನೊಂದು ಖಾಲಿ ಸಾಕೆಟ್‌ಗೆ ಚುಚ್ಚಿದರೆ ಇಎಂಎಸ್ ಕರೆಂಟ್ ಬಿಡುತ್ತದೆ. ಆ ಪ್ಲಗ್ ಮೇಲೆ ‘ಜನರೇಟರ್‌ಗೆ ಮಾತ್ರ’ ಅಂತ ಬರೆದು ಅಂಟಿಸಿ, ಜನರೇಟರ್ ಜೊತೆಯೇ ಇಡಿ. ಮನೆಯ ಸಾಕೆಟ್‌ಗೆ, ಪಾರ್ಕಿನ ಕಂಬಕ್ಕೆ ಅದನ್ನು ಯಾವತ್ತೂ ಹಾಕಬಾರದು.

ಹೊಸ ಮೆಷಿನ್ ಎಂಜಿನ್ ಆಯಿಲ್ ಇಲ್ಲದೆ ಬರುತ್ತದೆ. ಪುಸ್ತಕದಲ್ಲಿ ಹೇಳಿದಷ್ಟು ಹಾಕಿದ ಮೇಲೇ ಸ್ಟಾರ್ಟ್ ಹಗ್ಗ ಎಳೆಯಿರಿ. ಮೊದಲ ಆಯಿಲ್ ಬೇಗ ಬದಲಾಯಿಸಬೇಕು, ಹೋಂಡಾದವರು 20 ಗಂಟೆಗೆ ಅನ್ನುತ್ತಾರೆ, ನಿಮ್ಮದರ ಪುಸ್ತಕದಲ್ಲಿ ಏನಿದೆ ನೋಡಿ. ಡಿಸೆಂಬರ್‌ನಲ್ಲೇ ಮನೆ ಮುಂದೆ ಟ್ರೈಲರ್ ನಿಲ್ಲಿಸಿ, ಮನೆಯ ಕಿಟಕಿ ಬಾಗಿಲಿನಿಂದ ಅದೇ 20 ಅಡಿ ದೂರ ಜನರೇಟರ್ ಇಟ್ಟು, ಎಲ್ಲ ಜೋಡಿಸಿ ಒಂದು ಬೆಳಿಗ್ಗೆ ಓಡಿಸಿ ನೋಡಿ. ಬ್ಯಾಟರಿ ವೋಲ್ಟೇಜ್ ಶುರುವಿನಲ್ಲಿ ಎಷ್ಟಿತ್ತು, ಮೂರು ಗಂಟೆಯ ನಂತರ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟಾಗ ಎಷ್ಟಾಯಿತು ಬರೆದಿಟ್ಟು ಇಲ್ಲಿ ಹಾಕಿ. 12.4 ವೋಲ್ಟ್‌ಗಿಂತ ಮೇಲೆ ಬರದಿದ್ದರೆ ಬ್ಯಾಟರಿಗೇ ವಯಸ್ಸಾಗಿದೆ ಅಂತ. ಆಗ ಹೊರಡುವ ಮೊದಲೇ ಅದನ್ನು ಬದಲಾಯಿಸಬೇಕಾಗುತ್ತದೆ.